ಲಂಡನ್ ನಗರದ ನೌಕರ ಬೆಕ್ಕುಗಳು

ಲಂಡನ್ನಿನ ಕಚೇರಿ, ಅಂಚೆಮನೆ, ವಸ್ತುಸಂಗ್ರಹಾಲಯ, ಚರ್ಚು, ರಂಗಮಂದಿರಗಳಲ್ಲಿ ಇಲಿ ಹಿಡಿಯಲೆಂದು ಸಾಕಿದ ಬೆಕ್ಕುಗಳನ್ನು ನೌಕರ ಬೆಕ್ಕುಗಳೆನ್ನಬಹುದು. ಕ್ರಮೇಣ ಆಯಾ ಸಂಸ್ಥೆಯ ಗುರುತಾಗಿ, ಶುಭಚಿಹ್ನೆಯಾಗಿ ನೆಲೆನಿಂತ ಬೆಕ್ಕುಗಳೂ ಇದೇ ಸಾಲಿಗೆ ಸೇರುತ್ತವೆ. ಮನೆಯ ಮುದ್ದಿನ ಬೆಕ್ಕಿನಿಂದ ಇವನ್ನು ಬೇರೆ ಮಾಡುವುದು ಹೊಟ್ಟೆಪಾಡಿನ ಲೆಕ್ಕ. ಇವುಗಳ ಹಾಲು, ಮಾಂಸದ ಖರ್ಚು ಬಹುಮಟ್ಟಿಗೆ ಯಾವುದಾದರೊಂದು ಖಾತೆಯಲ್ಲಿ ದಾಖಲಾಗಿರುತ್ತದೆ. ಹಾಗೆ ದಾಖಲಾದದ್ದರಿಂದಲೇ ಇವುಗಳಿಗೆ ಚರಿತ್ರೆ ದಕ್ಕಿದೆ. ವಾರಕ್ಕೊಂದು ಷಿಲಿಂಗ್ ಬೇಕೆಂದು ಗುಮಾಸ್ತ ಬರೆದ ಅರ್ಜಿ, ಅದರ ಅಂಚಿನಲ್ಲಿ ಮೇಲಧಿಕಾರಿ ಗೀಚಿದ ಟಿಪ್ಪಣಿ, ಮಂಜೂರಾತಿಯ ಆದೇಶ, ಇವೇ ಇಲ್ಲಿನ ಶಾಸನಗಳು. ಆ ಕಾಗದಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಕೊಂಡು ಓದಿದರೆ ಒಂದು ಸೋಜಿಗ ಕಾಣುತ್ತದೆ. ಇಲಿಯ ಕಾಟ ವಿಪರೀತವಾಗಿದ್ದ ದಿನಗಳಲ್ಲಿ ಬೆಕ್ಕಿಗೆ ಹೆಸರೂ ಇರಲಿಲ್ಲ. ಕೆಲಸ ಕಡಿಮೆಯಾಗುತ್ತ ಬಂದಹಾಗೆ ಅದಕ್ಕೆ ಹೆಸರು, ಪದವಿ, ಪತ್ರಿಕೆಯಲ್ಲಿ ಫೋಟೊ, ಕೊನೆಗೆ ಶ್ರದ್ಧಾಂಜಲಿ ಸಭೆಯೂ ಒದಗಿದವು.

ಕಥೆಯ ಬೆಕ್ಕು, ಬೀದಿಯ ಬೆಕ್ಕು

ಲಂಡನ್ನಿನ ಅತ್ಯಂತ ಪ್ರಸಿದ್ಧ ಇಲಿಬೇಟೆಗಾರ ಬಹುಶಃ ಹುಟ್ಟಿಯೇ ಇರಲಿಲ್ಲ. ಡಿಕ್ ವಿಟಿಂಗ್ಟನ್ ಎಂಬ ಅನಾಥ ಹುಡುಗ ಒಂದು ಪೆನ್ನಿಗೆ ಬೆಕ್ಕು ಕೊಂಡು, ಅದನ್ನು ಯಜಮಾನನ ಹಡಗಿನಲ್ಲಿ ಹೊರದೇಶಕ್ಕೆ ಕಳಿಸಿ, ಇಲಿಗಳಿಂದ ಕಂಗೆಟ್ಟಿದ್ದ ಅಲ್ಲಿನ ರಾಜ ಕೊಟ್ಟ ಚಿನ್ನದಿಂದ ಸಿರಿವಂತನಾದ ಎನ್ನುವುದು ಕಥೆ. ರಿಚರ್ಡ್ ವಿಟಿಂಗ್ಟನ್ ನಿಜವಾದ ಮನುಷ್ಯ. ಬಟ್ಟೆ ವ್ಯಾಪಾರಿಯಾಗಿದ್ದ, ಲಂಡನ್ನಿನ ಮೇಯರ್ ಆಗಿ ಹಲವು ಬಾರಿ ಕುಳಿತ, 1423ರಲ್ಲಿ ತೀರಿಕೊಂಡ. ಅವನಿಗೂ ಬೆಕ್ಕಿಗೂ ಗಂಟು ಬಿದ್ದದ್ದು 17ನೆಯ ಶತಮಾನದ ಆರಂಭದ ನಾಟಕ, ಲಾವಣಿಗಳಲ್ಲಿ. ಸತ್ತ ಇಲಿಯೊಂದನ್ನು ಬೆಕ್ಕಿನ ಆಹಾರಕ್ಕೆಂದು ಮಾರಿ, ಅದೇ ಬಂಡವಾಳದಲ್ಲಿ ಸಾಹುಕಾರನಾದ ಹುಡುಗನ ಜಾತಕ ಕಥೆ ಬಲ್ಲವರಿಗೆ ಇದು ಅದರ ಮಗ್ಗುಲು ಮಗುಚಿದಂತೆ ಕಾಣುತ್ತದೆ. ಹೈಗೇಟ್ ಬೆಟ್ಟದ ತಪ್ಪಲಲ್ಲಿ ವಿಟಿಂಗ್ಟನ್ ಕಲ್ಲು ಎಂಬುದೊಂದಿದೆ. ಅದರ ಮೇಲೆ ಕೂತು ಹಿಂದಿರುಗಿ ನೋಡುವ ಬೆಕ್ಕಿನ ಮೂರ್ತಿಯನ್ನು ಸೇರಿಸಿದ್ದು 1964ರಲ್ಲಿ.

ಬೀದಿಯ ಬೆಕ್ಕಿನ ಪಾಡು ಬೇರೆ. 1665ರ ಮಹಾಪ್ಲೇಗಿನಲ್ಲಿ ನಾಯಿ, ಬೆಕ್ಕುಗಳೇ ರೋಗ ಹರಡುತ್ತಿವೆಯೆಂದು ನಗರಾಡಳಿತ ಅವನ್ನು ಕೊಲ್ಲಿಸಿತು. ಆಗ ಐದು ವರ್ಷದ ಹುಡುಗನಾಗಿದ್ದ ಡೇನಿಯಲ್ ಡೆಫೊ, 1722ರಲ್ಲಿ ಆ ಪ್ಲೇಗನ್ನು ಕುರಿತು ಬರೆದ ಕಥನದಲ್ಲಿ, 40,000 ನಾಯಿಗಳೂ ಅದರ ಐದರಷ್ಟು ಬೆಕ್ಕುಗಳೂ ಸತ್ತವೆಂಬ ಲೆಕ್ಕ ಕೊಡುತ್ತಾನೆ. ಕಾದಂಬರಿಕಾರನ ಅಂಕಿ ಎಂದು ಎಚ್ಚರದಿಂದ ತೆಗೆದುಕೊಳ್ಳಬೇಕಾದದ್ದು. ಅಂಕಿ ಏನೇ ಇರಲಿ, ಇಲಿಗಳಿಗಂತೂ ಅದು ಹಬ್ಬದ ವರ್ಷ.

1851ರ ಸುಮಾರಿಗೆ ಪತ್ರಕರ್ತ ಹೆನ್ರಿ ಮೇಹ್ಯೂ ನಗರದ ಬಡ ಕಸುಬುದಾರರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಬರೆದಾಗ ಲಂಡನ್ನಿನಲ್ಲಿ ಸುಮಾರು 3,00,000 ಬೆಕ್ಕುಗಳಿವೆಯೆಂದು ಅಂದಾಜಿಸಿದ. ಮನೆಗೊಂದು ಬೆಕ್ಕು ಎಂಬ ಗುಣಾಕಾರ ಅದು. ಈ ಬೆಕ್ಕುಗಳ ಬೆನ್ನಿಗೆ ಒಂದು ಕಸುಬೇ ಬೆಳೆದಿತ್ತು. ದುಡಿದು ಸೋತ ಗಾಡಿಕುದುರೆಗಳನ್ನು ಕಡಿದು, ಬೇಯಿಸಿ, ಆ ಮಾಂಸವನ್ನು ಚೂರು ಮಾಡಿ ಕಡ್ಡಿಗೆ ಚುಚ್ಚಿ, ತಳ್ಳುಗಾಡಿಯಲ್ಲೋ ಬುಟ್ಟಿಯಲ್ಲೋ ಇಟ್ಟುಕೊಂಡು ದಿನಾ ಅದೇ ಬೀದಿಗಳಲ್ಲಿ ಮಾರುವವರನ್ನು ‘ಕ್ಯಾಟ್ಸ್ ಮೀಟ್ ಮ್ಯಾನ್’ ಎನ್ನುತ್ತಿದ್ದರು. ಬೆಕ್ಕಿನ ಮಾಂಸ ಎಂದರೆ ಇಲ್ಲಿ ಬೆಕ್ಕಿಗೆ ಹಾಕುವ ಮಾಂಸ. ಇಂಥವರು ಸಾವಿರದಷ್ಟಿದ್ದರು ಎಂಬುದೂ ಮೇಹ್ಯೂನ ಅಂದಾಜೇ. ನಗರವನ್ನು ಎಳೆದ ಕುದುರೆ ಕೊನೆಗೆ ನಗರವನ್ನು ಕಾಯುವ ಬೆಕ್ಕಿನ ಹೊಟ್ಟೆ ಸೇರುತ್ತಿತ್ತು. ಬಸ್ಸು, ಲಾರಿಗಳು ಬಂದು ಕುದುರೆ ಮರೆಯಾದಾಗ ಈ ಮಾರಾಟಗಾರನೂ ಮೆಲ್ಲಗೆ ಮರೆಯಾದ.

ಅಂಚೆ ಇಲಾಖೆಯ ಸಂಬಳಪಟ್ಟಿ

ಬೆಕ್ಕು ಸರ್ಕಾರಿ ಕಾಗದದೊಳಕ್ಕೆ ಅಧಿಕೃತವಾಗಿ ಕಾಲಿಟ್ಟ ಕಥೆ ಹೇಳಲು ಅಂಚೆ ಇಲಾಖೆಯಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. 1868ರಲ್ಲಿ ಲಂಡನ್ನಿನ ಮನಿ ಆರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದಪತ್ರ ಕಡಿದು ಹಾಳುಮಾಡುತ್ತಿದ್ದವು. ಬೋನು, ವಿಷ ಯಾವುದೂ ನಡೆಯಲಿಲ್ಲ. ಕಚೇರಿಯ ಮುಖ್ಯಸ್ಥರು ಮೂರು ಹೆಣ್ಣು ಬೆಕ್ಕುಗಳನ್ನು ನೇಮಿಸಿಕೊಳ್ಳಲು ಅನುಮತಿ ಬೇಡಿ, ಅವುಗಳ ಪೋಷಣೆಗೆ ವಾರಕ್ಕೆ ಎರಡು ಷಿಲಿಂಗ್ ಕೇಳಿದರು. ಬೆಕ್ಕಿಗೆ ಅನುಮತಿ ಸಿಕ್ಕಿತು, ದುಡ್ಡಿಗೆ ಕತ್ತರಿ ಬಿತ್ತು. ಮಂಜೂರಾದದ್ದು ಒಂದೇ ಷಿಲಿಂಗ್. ಆಗಿನ ಷಿಲಿಂಗಿಗೆ 12 ಪೆನ್ನಿ. ಅಂದರೆ ತಲಾ ಒಂದು ಬೆಕ್ಕಿಗೆ ವಾರಕ್ಕೆ ನಾಲ್ಕು ಪೆನ್ನಿ. ಉಳಿದ ಸಂಬಳವನ್ನು ಅವು ಇಲಿಯ ರೂಪದಲ್ಲೇ ವಸೂಲು ಮಾಡಿಕೊಳ್ಳಲಿ ಎಂಬುದು ಮೇಲಧಿಕಾರಿಯ ತೀರ್ಪು. ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆಯಲ್ಲಿ ಇನ್ನೊಂದಿಷ್ಟು ಕಡಿತ ಎಂಬ ಎಚ್ಚರಿಕೆಯೂ ಅದೇ ಆದೇಶದಲ್ಲಿತ್ತು.

ಕೃಷ್ಣದೇವರಾಯ ಇಲಿಕಾಟ ನೀಗಲು ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಿಸಿಹಾಲು ಮುಟ್ಟಿಸಿ ಬೆಕ್ಕನ್ನು ಹಾಲಿಗೇ ಹೆದರುವಂತೆ ಮಾಡಿದವನು ತೆನಾಲಿ ರಾಮಕೃಷ್ಣ. ಲಂಡನ್ನಿನ ಅಂಚೆ ಅಧಿಕಾರಿಗೆ ಅಷ್ಟು ಚೇಷ್ಟೆ ಇರಲಿಲ್ಲ, ಆದರೆ ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎಂಬ ನಂಬಿಕೆ ಗಟ್ಟಿಯಾಗಿತ್ತು. ನಿಜಕ್ಕೂ ಬೆಕ್ಕಿನ ಬೇಟೆಯ ಹುಮ್ಮಸ್ಸು ಹಸಿವೊಂದನ್ನೇ ನೆಚ್ಚಿಲ್ಲ. ತಟ್ಟೆ ತುಂಬ ತಿಂದ ಬೆಕ್ಕೂ ಹಿತ್ತಲಲ್ಲಿ ಓತಿಕ್ಯಾತ ಹಿಡಿದು ತರುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪ್ರಯೋಗ ಫಲಿಸಿತು. ಮುಂದಿನ ವರ್ಷವೇ ಬೆಕ್ಕುಗಳು ಶ್ರದ್ಧೆಯಿಂದ ಕೆಲಸ ಮಾಡುತ್ತಿವೆಯೆಂಬ ವರದಿ ಹೋಯಿತು. 1873ರಲ್ಲಿ ಭತ್ಯೆ ಒಂದೂವರೆ ಷಿಲಿಂಗಿಗೆ ಏರಿತು, ಬೇರೆ ಅಂಚೆ ಕಚೇರಿಗಳೂ ಇದೇ ದಾರಿ ಹಿಡಿದವು. ಎಂಬತ್ತು ವರ್ಷಗಳ ನಂತರ, 1953ರಲ್ಲಿ, ಬೆಕ್ಕುಗಳ ಭತ್ಯೆ ಏನಾಯಿತೆಂಬ ಪ್ರಶ್ನೆ ಬ್ರಿಟಿಷ್ ಸಂಸತ್ತಿನಲ್ಲೇ ಎದ್ದಿತು. ಉತ್ತರ ಕೊಟ್ಟ ಸಹಾಯಕ ಅಂಚೆ ಸಚಿವ ಡೇವಿಡ್ ಗ್ಯಾಮನ್ಸ್ ಮುಖ ಗಂಭೀರ ಮಾಡಿಕೊಂಡೇ ಹೇಳಿದ್ದು ಇಷ್ಟು: ಅಂಚೆ ಬೆಕ್ಕುಗಳ ಲೋಕದಲ್ಲಿ ಒಂದಿಷ್ಟು ಔದ್ಯೋಗಿಕ ಅವ್ಯವಸ್ಥೆ ಇರುವುದು ನಿಜ. ಭತ್ಯೆ ಊರಿಂದೂರಿಗೆ ಬೇರೆ. ಹಿಡಿದ ಇಲಿಗಿಷ್ಟು ಎಂದು ಕೂಲಿ ಗೊತ್ತುಮಾಡುವ ಯೋಜನೆ ಕೈಗೂಡಲಿಲ್ಲ. ಏಕೆಂದರೆ ಈ ನೌಕರರು ಚಂಚಲ ಬುದ್ಧಿಯವರು, ನೆಚ್ಚುವಂತಿಲ್ಲ, ದೀರ್ಘಕಾಲ ಗೈರುಹಾಜರಾಗುವ ಅಭ್ಯಾಸವುಳ್ಳವರು.

ಆ ಮಾತು ಅನ್ವಯಿಸದ ಒಂದು ಬೆಕ್ಕು ಆಗ ಸೇಂಟ್ ಮಾರ್ಟಿನ್ಸ್ ಲೆ ಗ್ರಾಂಡ್‌ನ ಪ್ರಧಾನ ಅಂಚೆ ಕಚೇರಿಯಲ್ಲಿತ್ತು. 1950ರಲ್ಲಿ ಹುಟ್ಟಿದ ಟಿಬ್ಸ್ 23 ಪೌಂಡು, ಅಂದರೆ ಹತ್ತು ಕಿಲೋ ಮೀರಿ ತೂಗುತ್ತಿದ್ದ. ನೆಲಮಾಳಿಗೆಯ ಉಪಾಹಾರ ಗೃಹದ ಪಕ್ಕ ಠಿಕಾಣಿ ಹೂಡಿದ್ದರಿಂದ ಮೈ ಹಾಗೆ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಅವನ 14 ವರ್ಷಗಳ ಸೇವೆಯಲ್ಲಿ ಕಟ್ಟಡದೊಳಗೆ ಇಲಿಯ ಸುಳಿವೇ ಇರಲಿಲ್ಲ ಎನ್ನುತ್ತಾರೆ. 1868ರ ಅಧಿಕಾರಿಯ ಸಿದ್ಧಾಂತಕ್ಕೆ ಇದಕ್ಕಿಂತ ತೂಕದ ಖಂಡನೆ ಸಿಗಲಾರದು. ವಾರಕ್ಕೆ ಎರಡೂವರೆ ಷಿಲಿಂಗ್ ಪಡೆಯುತ್ತಿದ್ದ ಟಿಬ್ಸ್ 1964ರಲ್ಲಿ ಸತ್ತಾಗ ಇಲಾಖೆಯ ಪತ್ರಿಕೆ ಮರಣವಾರ್ತೆ ಪ್ರಕಟಿಸಿತು. ಪ್ರಧಾನ ಕಚೇರಿಯ ಕೊನೆಯ ಬೆಕ್ಕು ಬ್ಲ್ಯಾಕಿ ಸತ್ತದ್ದು 1984ರಲ್ಲಿ. ಆ ಹೊತ್ತಿಗೆ ಬಟ್ಟೆಯ ಅಂಚೆಚೀಲಗಳು ಹೋಗಿ ಇಲಿಯ ಹಲ್ಲಿಗೆ ಜಗ್ಗದ ಪ್ಲಾಸ್ಟಿಕ್ ಚೀಲಗಳು ಬರುತ್ತಿದ್ದವು. ಬೆಕ್ಕಿನ ಹುದ್ದೆ ಮತ್ತೆ ಭರ್ತಿಯಾಗಲಿಲ್ಲ.

ಮ್ಯೂಸಿಯಮ್ಮಿನ ದ್ವಾರಪಾಲಕ

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಾಚೀನ ಈಜಿಪ್ಟಿನ ಬೆಕ್ಕುಗಳ ಮಮ್ಮಿಗಳಿವೆ, ಕಿವಿಗೆ ಚಿನ್ನದ ಬಳೆ ಹಾಕಿಕೊಂಡ ಕಂಚಿನ ಬೆಕ್ಕಿದೆ. ಅವನ್ನೆಲ್ಲ ಮೀರಿಸಿ ಹೆಸರು ಮಾಡಿದ್ದು ಬಾಗಿಲ ಬಳಿಯ ಮೈಕ್. ಅದರ ಕಥೆ ನಮಗೆ ಸಿಗುವುದು ಅಲ್ಲಿನ ಈಜಿಪ್ಟ್ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ಅರ್ನೆಸ್ಟ್ ವಾಲಿಸ್ ಬಜ್ 1929ರಲ್ಲಿ ಬರೆದ ಕಿರುಹೊತ್ತಿಗೆಯಿಂದ. ಮಮ್ಮಿಗಳ ನಡುವೆ ಬಾಳು ಸವೆಸಿದ ವಿದ್ವಾಂಸರು ಗೇಟಿನ ಬೆಕ್ಕಿನ ಚರಿತ್ರೆ ಬರೆಯಲು ಕೂತರೆಂಬುದೇ ಆ ಪ್ರಾಣಿಯ ವರ್ಚಸ್ಸಿಗೆ ಸಾಕ್ಷಿ.

ಮೈಕ್‌ಗಿಂತ ಮೊದಲು ಅಲ್ಲಿ ಬ್ಲ್ಯಾಕ್ ಜ್ಯಾಕ್ ಎಂಬ ಕರಿಬೆಕ್ಕಿತ್ತು. ಒಂದು ಭಾನುವಾರ ಪತ್ರಿಕೆಗಳನ್ನಿಡುವ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು, ಹೊತ್ತು ಹೋಗದೆ ಸಂಪುಟಗಳ ರಟ್ಟಿನ ಮೇಲೆ ಉಗುರು ಮಸೆಯಿತು. ಅದನ್ನು ಹೊರಗಟ್ಟಲು ಆಜ್ಞೆಯಾಯಿತು, ಬೆಕ್ಕು ತಲೆಮರೆಸಿಕೊಂಡಿತು. ಕೆಲಕಾಲದ ಮೇಲೆ, 1908ರಲ್ಲಿ, ಬಾಯಲ್ಲೇನೋ ಕಚ್ಚಿಕೊಂಡು ಬಂದು ಬಜ್ ಅವರ ಕಾಲ ಬಳಿ ಇಳಿಸಿ, ತಿರುಗಿ ನೋಡದೆ ಹೊರಟುಹೋಯಿತು. ಇಳಿಸಿದ್ದು ಒಂದು ಮರಿ. ಅದೇ ಮೈಕ್.

1909ರಿಂದ 1929ರವರೆಗೆ ಇಪ್ಪತ್ತು ವರ್ಷ ಮೈಕ್ ಮುಖ್ಯದ್ವಾರದ ಕಾವಲುಕೋಣೆಯಲ್ಲಿ ಬಾಳಿತು. ಕಾವಲಿನವರ ಅರ್ಧ ಕೆಲಸ ಅದೇ ಹಂಚಿಕೊಂಡಿತ್ತು ಎನ್ನಬೇಕು, ಯಾಕೆಂದರೆ ಒಳಗೆ ನುಗ್ಗುವ ಬೀದಿನಾಯಿಗಳನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಇಲಿಗಿಂತ ಪಾರಿವಾಳದಲ್ಲಿ ಅದಕ್ಕೆ ಆಸಕ್ತಿ. ಅಲ್ಲಿನ ಹಿರಿಯ ಬೆಕ್ಕೊಂದು ಅದಕ್ಕೆ ಗುರು. ಒಂದು ಬೆಕ್ಕು ಪಾರಿವಾಳವನ್ನು ದಿಟ್ಟಿಸುತ್ತ ಅಲುಗಾಡದೆ ನಿಲ್ಲುವುದು, ಇನ್ನೊಂದು ಸದ್ದಿಲ್ಲದೆ ಹೋಗಿ ಹಿಡಿಯುವುದು. ಹಿಡಿದದ್ದನ್ನು ತಿನ್ನುತ್ತಿರಲಿಲ್ಲ. ಗರಿಗೂ ಗಾಯವಾಗದಂತೆ ಮನೆವಾರ್ತೆಯವರ ಬಳಿ ತಂದು ಒಪ್ಪಿಸಿ, ಬದಲಿಗೆ ಮಾಂಸ, ಹಾಲು ಪಡೆದು ಹೋಗುತ್ತಿದ್ದವು. ಪಾರಿವಾಳಕ್ಕೂ ಕಾಳು, ನೀರು ಸಿಕ್ಕಿ ಬಿಡುಗಡೆಯಾಗುತ್ತಿತ್ತು. ಮೂವರಿಗೂ ನಷ್ಟವಿಲ್ಲದ ವ್ಯಾಪಾರ. 1924ರಲ್ಲಿ ನಿವೃತ್ತರಾದ ಮೇಲೂ ಬಜ್ ಆ ಬೆಕ್ಕಿನ ಊಟಕ್ಕೆ ಕೈಯಿಂದ ವಾರಕ್ಕೆ ಆರು ಪೆನ್ನಿ ಕಳಿಸುತ್ತಿದ್ದರು. ಅದು ಸತ್ತಾಗ ಅಮೆರಿಕದ ‘ಟೈಮ್’ ಪತ್ರಿಕೆಯೂ ಸುದ್ದಿ ಮಾಡಿತು.

ಮುಂದೆ 1970ರ ದಶಕದಲ್ಲಿ ಮ್ಯೂಸಿಯಮ್ಮಿನ ಸುತ್ತ ಕಾಡುಬಿದ್ದ ಬೆಕ್ಕುಗಳು ನೂರರಷ್ಟಾದವು. ಹಿಡಿದು ಕೊಲ್ಲಿಸುವ ಮಾತು ಬಂದಾಗ ನೌಕರರೇ ಸಂಘ ಕಟ್ಟಿ, ಸಂತಾನಹರಣ ಮಾಡಿಸಿ, ಬಹುಪಾಲನ್ನು ಬೇರೆ ಮನೆಗಳಿಗೆ ಸೇರಿಸಿ, ಬೆರಳೆಣಿಕೆಯ ಬೆಕ್ಕುಗಳನ್ನಷ್ಟೇ ಇಟ್ಟುಕೊಂಡರು.

ವೈಟ್‌ಹಾಲಿನ ಕಡತಗಳು

1929ರ ಜೂನ್ 3ರಂದು ಖಜಾನೆ ಇಲಾಖೆಯ ಅಧಿಕಾರಿಯೊಬ್ಬರು ಗೃಹ ಇಲಾಖೆಗೆ ಒಂದು ಆದೇಶ ಕಳಿಸಿದರು. ಚಿಲ್ಲರೆ ಖರ್ಚಿನ ಬಾಬ್ತಿನಿಂದ ದಿನಕ್ಕೊಂದು ಪೆನ್ನಿ ತೆಗೆದು ‘ದಕ್ಷ ಬೆಕ್ಕೊಂದನ್ನು’ ಸಾಕಬಹುದು ಎಂದು ಅದರಲ್ಲಿತ್ತು. ನಮ್ಮಲ್ಲಿ ಜಿಲ್ಲಾಧಿಕಾರಿಗಳಿಗೇ ಮೀಸಲೆಂಬಂತಿರುವ ಆ ವಿಶೇಷಣ ಅಂದು ಪೀಟರ್ ಎಂಬ ಕರಿಬೆಕ್ಕಿಗೆ ಸಂದಿತು. ಪೀಟರ್ 1946ರವರೆಗೆ ಇದ್ದ. ಅವನ ಉತ್ತರಾಧಿಕಾರಿ ಎರಡನೆಯ ಪೀಟರ್ ಬಂದ ಕೆಲವೇ ತಿಂಗಳಿಗೆ ವೈಟ್‌ಹಾಲ್ ರಸ್ತೆಯಲ್ಲಿ ಕಾರಿಗೆ ಸಿಕ್ಕು ಸತ್ತ. 1947ರಿಂದ 1964ರವರೆಗಿನ ಮೂರನೆಯ ಪೀಟರ್ 1958ರಲ್ಲಿ ಬಿಬಿಸಿ ಟಿವಿಯಲ್ಲಿ ಕಾಣಿಸಿಕೊಂಡ. ಬೆಕ್ಕಿಗೆ ಸಿಗುವ ಭತ್ಯೆ ಇಷ್ಟೇ ಏನು ಎಂದು ಸಾರ್ವಜನಿಕರು ಕಾಗದ ಬರೆಯತೊಡಗಿದರು, ಉಡುಗೊರೆಗಳು ಬಂದವು. ಇಲಿಬೇಟೆಯ ಬೆಕ್ಕು ಪ್ರಚಾರದ ಬೆಕ್ಕಾಗಿ ಹೊರಳಿದ ಗಳಿಗೆ ಯಾವುದೆಂದು ಕೇಳಿದರೆ ಈ ಲೇಖಕ ತೋರಿಸುವುದು ಇದನ್ನೇ.

ಹೊರಳಿದ್ದರ ಫಲ ಮುಂದಿನ ನೇಮಕದಲ್ಲೇ ಕಂಡಿತು. 1964ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸರ್ಕಾರ ಬಾಲವಿಲ್ಲದ ತನ್ನ ಪ್ರಸಿದ್ಧ ತಳಿಯ ಹೆಣ್ಣು ಬೆಕ್ಕೊಂದನ್ನು ಕಾಣಿಕೆಯಾಗಿ ಕಳಿಸಿತು. ಪೀಟಾ ಎಂದು ಹೆಸರಿಟ್ಟರು. ಅದು ಸೋಮಾರಿ, ವಿಪರೀತ ದಪ್ಪ, ಕಂಡಕಂಡಲ್ಲಿ ಹೊಲಸು ಮಾಡುತ್ತದೆ ಎಂದು ಒಳಗಿನ ಟಿಪ್ಪಣಿಗಳು ದೂರಿದವು. ಹೊರಗೆ ಕಳಿಸಿಬಿಡೋಣ ಎಂಬ ಸಲಹೆಯೂ ಕಡತವೇರಿತು. ಕಾಣಿಕೆಯ ಬೆಕ್ಕನ್ನು ಓಡಿಸಿದರೆ ಪತ್ರಿಕೆಗಳು ಸುಮ್ಮನಿರಲಾರವು ಎಂಬ ಭಯಕ್ಕೆ ಸಲಹೆ ಅಲ್ಲೇ ನಿಂತಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯನ್ನು ಇಲಿಗಳ ಬದಲು ಅಧಿಕಾರಿಗಳು ಆಡಿಕೊಂಡ ಸಂದರ್ಭವಿದು.

ಪಕ್ಕದ ಡೌನಿಂಗ್ ಬೀದಿಯ 10ನೆಯ ನಂಬರಿನ ಪ್ರಧಾನಿ ನಿವಾಸದಲ್ಲಿ ಬೆಕ್ಕಿನ ಸಾಲು ದೊಡ್ಡದು. ಚರ್ಚಿಲ್ ಜೊತೆ ಬಂದ ನೆಲ್ಸನ್, ಹೀತ್‌ನಿಂದ ಥ್ಯಾಚರ್‌ವರೆಗೆ ನಾಲ್ವರು ಪ್ರಧಾನಿಗಳನ್ನು ಕಂಡ ವಿಲ್ಬರ್‌ಫೋರ್ಸ್, ಇವರೆಲ್ಲ ಅಲ್ಲಿದ್ದವರೇ. ಮಾಸ್ಕೋಗೆ ಹೋದ ಥ್ಯಾಚರ್ ವಿಲ್ಬರ್‌ಫೋರ್ಸ್‌ಗೆಂದು ಅಲ್ಲಿನ ಅಂಗಡಿಯಲ್ಲಿ ಸಾರ್ಡೀನ್ ಮೀನಿನ ಡಬ್ಬಿ ಕೊಂಡುತಂದರು. 1989ರಲ್ಲಿ ತಾನಾಗಿ ಒಳಬಂದ ಬೀಡಾಡಿ ಹಂಫ್ರಿಗೆ ‘ಯೆಸ್ ಮಿನಿಸ್ಟರ್’ ಧಾರಾವಾಹಿಯ ಚತುರ ಅಧಿಕಾರಿಯ ಹೆಸರು ಸಿಕ್ಕಿತು. ಖರ್ಚು ವರ್ಷಕ್ಕೆ ಸುಮಾರು 100 ಪೌಂಡು. ಅದೇ ಕಟ್ಟಡಕ್ಕೆ ಇಲಿ ಹಿಡಿಯಲು ಗೊತ್ತುಮಾಡಿದ್ದ ಗುತ್ತಿಗೆದಾರರು ವರ್ಷಕ್ಕೆ 4,000 ಪೌಂಡು ಪಡೆದು ಒಂದು ಇಲಿಯನ್ನೂ ಹಿಡಿದಿರಲಿಲ್ಲವಂತೆ. 1995ರಲ್ಲಿ ಹಂಫ್ರಿ ಕಾಣೆಯಾದ, ಸತ್ತನೆಂದು ಸರ್ಕಾರ ಕೈಚೆಲ್ಲಿತು. ನೋಡಿದರೆ ಸೈನ್ಯದ ವೈದ್ಯಕೀಯ ಕಾಲೇಜಿನಲ್ಲಿ ಬೇರೆ ಹೆಸರಿನಲ್ಲಿ ಸುಖವಾಗಿದ್ದ. 1997ರಲ್ಲಿ ಟೋನಿ ಬ್ಲೇರ್ ಬಂದ ಕೆಲವೇ ತಿಂಗಳಿಗೆ ಅವನನ್ನು ನಿವೃತ್ತಗೊಳಿಸಿದಾಗ, ಕೊಲ್ಲಿಸಿದ್ದಾರೆಂಬ ಗುಮಾನಿ ಹಬ್ಬಿತು. ಸರ್ಕಾರ ಪತ್ರಕರ್ತರನ್ನು ಗುಟ್ಟಾದ ಸ್ಥಳಕ್ಕೆ ಕರೆದೊಯ್ದು, ಆ ದಿನದ ಪತ್ರಿಕೆಗಳ ಜೊತೆ ಬೆಕ್ಕಿನ ಫೋಟೊ ತೆಗೆಸಿತು. ಅಪಹರಣಕಾರರು ಒತ್ತೆಯಾಳು ಬದುಕಿದ್ದಾನೆಂದು ತೋರಿಸುವ ಕ್ರಮ ಅದು.

ಇಂದಿನ ಲ್ಯಾರಿ ಬಂದದ್ದು 2011ರ ಫೆಬ್ರುವರಿ 15ರಂದು, ಬ್ಯಾಟರ್‌ಸಿ ಪ್ರಾಣಿ ಆಶ್ರಯಧಾಮದಿಂದ. 1860ರಲ್ಲಿ ನಾಯಿಗಳಿಗೆಂದು ಆರಂಭವಾದ ಈ ಧಾಮ ಬೆಕ್ಕುಗಳನ್ನು ಸೇರಿಸಿಕೊಂಡದ್ದು 1883ರಲ್ಲಿ. ಮುಖ್ಯ ಇಲಿಬೇಟೆಗಾರ ಎಂಬ ಪದವಿಯನ್ನು ವಿಧಿವತ್ತಾಗಿ ಪಡೆದ ಮೊದಲ ಬೆಕ್ಕು ಲ್ಯಾರಿ. 2016ರಲ್ಲಿ ಕ್ಯಾಮರನ್ ಮನೆ ಖಾಲಿ ಮಾಡಿದಾಗ ಲ್ಯಾರಿ ಮಾತ್ರ ಅಲ್ಲೇ ಉಳಿದ. ಅವನು ಪ್ರಧಾನಿಯ ಸ್ವತ್ತಲ್ಲ, ಕಚೇರಿಯ ನೌಕರ. ಕ್ಯಾಮರನ್, ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್ ಹೀಗೆ ಆರು ಮಂದಿಯನ್ನು ಕಂಡಿದ್ದಾನೆ. ಇವರಲ್ಲಿ ಟ್ರಸ್ ಇದ್ದದ್ದು 49 ದಿನ. ವಿದೇಶಾಂಗ ಇಲಾಖೆಗೆ 2016ರಲ್ಲಿ ಬಂದ ಪಾಮರ್‌ಸ್ಟನ್ ಜೊತೆ ಅವನ ಜಗಳಗಳು ಬೀದಿಯಲ್ಲೇ ನಡೆದು, ಫೋಟೊಗ್ರಾಫರುಗಳ ಹೊಟ್ಟೆ ತುಂಬಿಸಿದವು. ಪಾಮರ್‌ಸ್ಟನ್ 2020ರಲ್ಲಿ ನಿವೃತ್ತನಾದ. ಖಜಾನೆ ಇಲಾಖೆಯ ಕರಿಬೆಕ್ಕು ಗ್ಲ್ಯಾಡ್‌ಸ್ಟನ್ ಈ ಗಲಾಟೆಗಳಿಂದ ದೂರವಿದ್ದ.

ಥೇಮ್ಸ್‌ನ ಆಚೆ ದಡದಲ್ಲಿ, ಲ್ಯಾಂಬೆತ್‌ನಲ್ಲಿ, 2015ರಲ್ಲಿ ಅನಾವರಣಗೊಂಡ ಬಸವೇಶ್ವರ ಪ್ರತಿಮೆ ನೋಡಲು ಹೋಗುವ ಕನ್ನಡಿಗರು ಸೇತುವೆ ದಾಟಿ ಇನ್ನೂ ಸ್ವಲ್ಪ ನಡೆದರೆ ಡೌನಿಂಗ್ ಬೀದಿಯ ಕಬ್ಬಿಣದ ಗೇಟು ಸಿಗುತ್ತದೆ. ಅದೃಷ್ಟವಿದ್ದರೆ ಕಿಟಕಿಯ ಕಟ್ಟೆಯ ಮೇಲೆ ಮಲಗಿದ ಲ್ಯಾರಿಯೂ ಕಾಣಬಹುದು. ಕಾಯಕದ ಮಹಿಮೆ ಸಾರಿದವರನ್ನು ಕಂಡುಬಂದ ಕಣ್ಣಿಗೆ ಈ ಜೀವದ ಕಾಯಕ ಏನೆಂಬ ಪ್ರಶ್ನೆ ಏಳದೆ ಇರದು. ಸರ್ಕಾರದ ಜಾಲತಾಣವೇ ಅದಕ್ಕೆ ಉತ್ತರ ಕೊಟ್ಟಿದೆ: ಅತಿಥಿಗಳನ್ನು ಎದುರುಗೊಳ್ಳುವುದು, ಭದ್ರತಾ ವ್ಯವಸ್ಥೆ ಪರಿಶೀಲಿಸುವುದು, ಹಳೆಯ ಪೀಠೋಪಕರಣಗಳು ನಿದ್ದೆಗೆ ಅನುಕೂಲವೇ ಎಂದು ಪರೀಕ್ಷಿಸುವುದು. ಇಲಿ ಸಮಸ್ಯೆಯ ಪರಿಹಾರ ಇನ್ನೂ ಯೋಜನೆಯ ಹಂತದಲ್ಲಿದೆ.

ಯುದ್ಧ, ಚರ್ಚು, ರಂಗಭೂಮಿ

1940ರ ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್ ಕ್ಯಾಥೆಡ್ರಲ್ ಪಕ್ಕದ ಸೇಂಟ್ ಆಗಸ್ಟೀನ್ ಚರ್ಚಿನ ಬೆಕ್ಕು ಫೇತ್ ತನ್ನ ಮರಿಯನ್ನು ಕಚ್ಚಿಕೊಂಡು ನೆಲಮಾಳಿಗೆಯ ಗೂಡಿಗೆ ಹೋಗಿ ಕೂತಿತು. ಪಾದ್ರಿಗಳು ಮೇಲಕ್ಕೆ ತಂದಷ್ಟೂ ಮತ್ತೆ ಅಲ್ಲಿಗೇ. ಕೊನೆಗೆ ಅವರೇ ಸೋತು ಅಲ್ಲೇ ಹಾಸಿಗೆ ಮಾಡಿಕೊಟ್ಟರು. 9ನೆಯ ತಾರೀಕು ಬಾಂಬು ಬಿದ್ದು ಚರ್ಚು ಕುಸಿಯಿತು. ಅವಶೇಷದ ಕೆಳಗೆ ತಾಯಿ, ಮರಿ ಎರಡೂ ಕ್ಷೇಮವಾಗಿ ಸಿಕ್ಕವು. ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಸೇನಾಸೇವೆಗೆ ಮೀಸಲಾದ್ದರಿಂದ 1945ರಲ್ಲಿ ಫೇತ್‌ಗೆ ವಿಶೇಷ ಬೆಳ್ಳಿಪದಕ ಕೊಟ್ಟರು. ಡಿಕಿನ್ ಪದಕ ಪಡೆದ ಏಕೈಕ ಬೆಕ್ಕು ಅಮೆಥಿಸ್ಟ್ ಯುದ್ಧನೌಕೆಯ ಸೈಮನ್. 1949ರಲ್ಲಿ ಯಾಂಗ್ಟ್ಸಿ ನದಿಯಲ್ಲಿ ಗುಂಡಿನ ಚೂರು ತಗುಲಿದ ಮೇಲೂ ಹಡಗಿನ ದಾಸ್ತಾನನ್ನು ಇಲಿಗಳಿಂದ ಕಾದ ಅದರ ಗೋರಿ ಪೂರ್ವ ಲಂಡನ್ನಿನ ಇಲ್ಫರ್ಡ್ ಪ್ರಾಣಿ ಸ್ಮಶಾನದಲ್ಲಿದೆ. ಗೃಹ ಇಲಾಖೆಯ ಮೂರನೆಯ ಪೀಟರ್ ಮಲಗಿರುವುದೂ ಅಲ್ಲೇ.

ವೆಸ್ಟ್ ಎಂಡಿನ ನಾಟಕಶಾಲೆಗಳಲ್ಲಿ ಬೆಕ್ಕು ಹಳೆಯ ವಾಡಿಕೆ. ಈಗಿನ ಗೀಲ್ಗುಡ್ ರಂಗಮಂದಿರದ ಬೀರ್ಬೋಮ್ ಪ್ರದರ್ಶನದ ನಡುವೆಯೇ ರಂಗವನ್ನು ದಾಟಿ ಹೋಗುತ್ತಿದ್ದ. 1995ರಲ್ಲಿ ಅವನು ಸತ್ತಾಗ ರಂಗಭೂಮಿಯ ವಾರಪತ್ರಿಕೆ ‘ದಿ ಸ್ಟೇಜ್’ ಮುಖಪುಟದಲ್ಲಿ ಮರಣವಾರ್ತೆ ಹಾಕಿತು. ಸದರ್ಕ್ ಕ್ಯಾಥೆಡ್ರಲ್‌ಗೆ 2008ರಲ್ಲಿ ಊಟ ಹುಡುಕಿಕೊಂಡು ಬಂದ ಡೋರ್ಕಿನ್ಸ್ ಅಲ್ಲೇ ನಿಂತಳು, 2020ರಲ್ಲಿ ಸತ್ತಳು. ಅವಳಿಗಾಗಿ ಕ್ಯಾಥೆಡ್ರಲ್ ಒಳಗೇ ಪ್ರಾರ್ಥನಾಸಭೆ ನಡೆದದ್ದು ಕೆಲವರಿಗೆ ಸರಿಬೀಳಲಿಲ್ಲ.

ಮರದ ಬೆಕ್ಕು

1898ರಲ್ಲಿ ಸೆವಾಯ್ ಹೋಟೆಲಿನಲ್ಲಿ ವಜ್ರದ ವ್ಯಾಪಾರಿ ವುಲ್ಫ್ ಜೋಯೆಲ್ 14 ಮಂದಿಗೆ ಔತಣ ಏರ್ಪಡಿಸಿದ್ದ. ಒಬ್ಬ ಬರಲಿಲ್ಲ, ಉಳಿದವರು 13. ಮೊದಲು ಏಳುವವನಿಗೆ ಸಾವು ಎಂದು ಯಾರೋ ಅಂದರು. ಜೋಯೆಲ್ ನಕ್ಕು ಮೊದಲು ಎದ್ದ, ಕೆಲವು ವಾರಗಳಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಗುಂಡೇಟಿಗೆ ಬಲಿಯಾದ. ಅಂದಿನಿಂದ 13 ಜನರ ಪಂಕ್ತಿಗೆ ಹೋಟೆಲಿನ ನೌಕರನೊಬ್ಬ ಹದಿನಾಲ್ಕನೆಯವನಾಗಿ ಕೂರುತ್ತಿದ್ದ. ಅಪರಿಚಿತನೊಬ್ಬ ಖಾಸಗಿ ಮಾತು ಕೇಳಿಸಿಕೊಳ್ಳುವುದು ಅತಿಥಿಗಳಿಗೆ ಹಿಡಿಸಲಿಲ್ಲ. 1920ರ ದಶಕದಲ್ಲಿ ವಾಸ್ತುಶಿಲ್ಪಿ ಬೇಸಿಲ್ ಅಯೊನಿಡಿಸ್ ಒಂದು ಬೆಕ್ಕನ್ನು ಮರದಲ್ಲಿ ಕೆತ್ತಿಕೊಟ್ಟರು. ಹೆಸರು ಕಾಸ್ಪರ್. ಅಡ್ಡ ಬಂದ ಕರಿಬೆಕ್ಕಿಗೆ ನಾವು ಕಾಲು ಹಿಂದೆಗೆಯುತ್ತೇವೆ, ಇಂಗ್ಲೆಂಡಿನಲ್ಲಿ ಅದು ಬಹಳ ಜನರಿಗೆ ಶುಭಶಕುನ. ಹಾಗಾಗಿ ಕಾಸ್ಪರನ ಬಣ್ಣವೂ ಕಪ್ಪು. ಚರ್ಚಿಲ್‌ಗೆ ಅದು ಎಷ್ಟು ಮೆಚ್ಚಾಯಿತೆಂದರೆ ಅವರ ಊಟದ ಕ್ಲಬ್ಬಿನ ಕೂಟಗಳಿಗೆ ಕಾಸ್ಪರ್ ಕಾಯಂ ಅತಿಥಿಯಾಯಿತು.

ಇಂದಿಗೂ 13 ಮಂದಿ ಊಟಕ್ಕೆ ಕೂತರೆ ಅದನ್ನು ತಂದು ಹದಿನಾಲ್ಕನೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಕೊರಳಿಗೆ ನ್ಯಾಪ್ಕಿನ್ ಕಟ್ಟುತ್ತಾರೆ. ಸೂಪಿನಿಂದ ಹಿಡಿದು ಸಿಹಿಯವರೆಗೆ ಪ್ರತಿ ಬಾರಿಯೂ ಅದರ ಮುಂದೆ ತಟ್ಟೆ ಇಟ್ಟು, ಉಳಿದವರದನ್ನು ತೆಗೆಯುವಾಗ ಅದರದನ್ನೂ ತೆಗೆಯುತ್ತಾರೆ.